ಗಂಟಿಕಲ್ಲಿನ ದನಿ ಹೋದದ್ದು ಹೇಗೆ

ಶನಿವಾರ ಬೆಳಿಗ್ಗೆ ವಿರೂಪಮ್ಮ ಟೀಚರ್ ಬಡಿದಾಗ ಗಂಟಿಕಲ್ಲು ‘ಠಣ್’ ಅನ್ನಲಿಲ್ಲ. ‘ಥಪ್’ ಅಂದಿತು, ಗೋಡೆಗೆ ಕುಳ್ಳು ತಟ್ಟಿದ ಹಾಗೆ. ಟೀಚರ್ ಈ ತುದಿಗೆ ಬಡಿದರು, ಆ ತುದಿಗೆ ಬಡಿದರು. ಥಪ್. ಥಪ್. ಕೊನೆಗೆ ಕೈಯಲ್ಲಿದ್ದ ಗುಂಡುಕಲ್ಲನ್ನು ನನಗೆ ಕೊಟ್ಟರು.

“ಕೌಸರ್, ನೀ ಬಡಿ. ನನ್ನ ಕಿವಿ ಕೆಟ್ಟಾವೋ, ಕಲ್ಲು ಕೆಟ್ಟೈತೋ ನೋಡೋಣು.”

ನಾನು ಬಡಿದೆ. ಕಿವಿ ಕೆಟ್ಟಿರಲಿಲ್ಲ.

ನಮ್ಮ ಉದ್ಯಾನ ಬಳ್ಳಾರಿಯಿಂದ ಕುರುಗೋಡಿಗೆ ಹೋಗುವ ರಸ್ತೆಯ ಪಕ್ಕ, ಒಂದು ಬೋಳು ಗುಡ್ಡದ ಬುಡದಲ್ಲಿದೆ. ಶಾಲೆಯ ಮಕ್ಕಳು ವಿಜ್ಞಾನ, ಇತಿಹಾಸ ಎಲ್ಲ ಕಣ್ಣಾರೆ ನೋಡಿ ಕಲಿಯಲಿ ಅಂತ ಒಂದು ಟ್ರಸ್ಟಿನವರು ಮಾಡಿದ್ದು. ಮಕ್ಕಳು ಬಂದು ನೆರಳಿನ ಗಡಿಯಾರ ನೋಡುತ್ತಾರೆ. ಮರಳಿನ ಗುಂಡಿಯಲ್ಲಿ ಅಗೆದು, ನಾನು ಮೊದಲೇ ಹೂತಿಟ್ಟ ಮಡಕೆಚೂರು ಹುಡುಕುತ್ತಾರೆ. ಕಡೆಗೆ ಗಂಟಿಕಲ್ಲು. ಅದು ಮಂಚದಷ್ಟು ಉದ್ದದ ಕರಿಕಲ್ಲಿನ ಚಪ್ಪಡಿ. ಎರಡು ಸಣ್ಣ ಬಂಡೆಗಳ ಮೇಲೆ ಕೂತಿದೆ, ಕೆಳಗೆ ಗೇಣೆತ್ತರದ ಸಂದು. ಹತ್ತಿ ನಿಂತರೆ ತೊಟ್ಟಿಲ ಹಾಗೆ ಅಲುಗುತ್ತದೆ. ಬಡಿದರೆ ಗುಡಿಯ ಗಂಟೆಯ ಹಾಗೆ ದನಿ ಕೊಡುತ್ತದೆ. ಕಲ್ಲಿನ ಕಾಲದ ಜನರೂ ಇಂಥ ಕಲ್ಲು ಬಡಿಯುತ್ತಿದ್ದರು ಅಂತ ಟೀಚರ್ ಹೇಳಿದಾಗ ಎಂಥ ತುಂಟ ಮಕ್ಕಳೂ ಒಂದು ಗಳಿಗೆ ಸುಮ್ಮನಾಗುತ್ತಾರೆ. ಒಂದೇ ಗಳಿಗೆ.

ವಿರೂಪಮ್ಮ ಟೀಚರ್ ಸಿರುಗುಪ್ಪದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. ಉದ್ಯಾನದೊಳಗಿನ ಎರಡು ಕೋಣೆಯ ಮನೆಯಲ್ಲೇ ಇರುತ್ತಾರೆ. ಕುರುಗೋಡಿನಲ್ಲಿ ಯಾರ ಮೇಕೆ ಕಳೆದರೂ, ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಬೀಗ ಮುರಿಯದೆ ಯಾರ ಅಂಗಡಿಯ ಮಾಲು ಹೋದರೂ ಜನ ಇವರನ್ನು ಹುಡುಕಿಕೊಂಡು ಬರುತ್ತಾರೆ. ಟೀಚರ್ ಮೊದಲು ಬೈಯುತ್ತಾರೆ. ಆಮೇಲೆ ಪತ್ತೆ ಮಾಡುತ್ತಾರೆ. ನಾನು ಎಂಟನೆಯ ತರಗತಿಗೆ ಶಾಲೆ ಬಿಟ್ಟವಳು. ಇಲ್ಲಿನ ಕಾವಲುಗಾರ ಪೀರಸಾಬ್ ನನ್ನ ಸೋದರಮಾವ, ಅವರೇ ಈ ಕೆಲಸ ಕೊಡಿಸಿದ್ದು. ಕಸ ಗುಡಿಸುವುದು, ಮಡಕೆಚೂರು ಹೂಳುವುದು, ಟೀಚರ್ ಹಿಂದೆ ಅವರ ಚೀಲ ಹಿಡಿದು ನಡೆಯುವುದು ನನ್ನ ಕೆಲಸ. ಮಾತಾಡುವ ಕೆಲಸ ಅಲ್ಲ ಅನ್ನುವುದೇ ನನಗೆ ದೊಡ್ಡ ಸಮಾಧಾನ.

ಮ್ಯಾನೇಜರ್ ಶೇಖರ್ ಸರ್ ಓಡಿ ಬಂದರು. ಬಡಿದು ನೋಡಿ ತಲೆ ಮೇಲೆ ಕೈ ಹೊತ್ತರು.

“ಹೋತು! ಒಡದಾವ ಹುಡುಗ್ರು! ಸೋಮವಾರ ಟ್ರಸ್ಟಿನವ್ರಿಗೆ ನಾ ಏನ್ ಹೇಳ್ಲಿ?”

“ಮೊದ್ಲು ಅರಚೋದು ಬಿಡ್ರಿ ಶೇಖರ್,” ಅಂದರು ಟೀಚರ್. “ಕೌಸರ್, ಒಂದು ಕೊಡ ನೀರು ತಾ.”

ತಂದೆ. ಟೀಚರ್ ಚಪ್ಪಡಿಯ ಮೇಲೆಲ್ಲ ನೀರು ಸುರಿದು, ಸೆರಗು ತಲೆಗೆ ಹೊದ್ದು ಬಿಸಿಲಲ್ಲೇ ನಿಂತರು. ಕಲ್ಲು ಎಲ್ಲ ಕಡೆ ಒಂದೇ ಸಮ ಒಣಗಿತು. ಎಲ್ಲೂ ಒಂದು ಕರಿ ಗೆರೆ ಉಳಿಯಲಿಲ್ಲ. ಅವರು “ಹ್ಞೂಂ” ಅಂದರು. ಅಷ್ಟೇ. ಕೇಳಿದರೆ ಬೈಸಿಕೊಳ್ಳಬೇಕಾಗುತ್ತದೆ ಅಂತ ನಾನೂ ಕೇಳಲಿಲ್ಲ.

ಶೇಖರ್ ಸರ್ ಆಗಲೇ ಫೋನು ಹಚ್ಚಿದ್ದರು. ಶುಕ್ರವಾರ ಎರಡು ಶಾಲೆಗಳು ಬಂದಿದ್ದವು. ಬೆಳಿಗ್ಗೆ ಸಿರಿಗೇರಿಯ ಸರ್ಕಾರಿ ಶಾಲೆ, ಅತಿಥಿ ಶಿಕ್ಷಕಿ ನಂದಿನಿಯವರ ಜೊತೆ. ಮಧ್ಯಾಹ್ನ ಬಳ್ಳಾರಿಯ ಗಾಂಧಿನಗರದ ಒಂದು ಖಾಸಗಿ ಶಾಲೆ, ಗುರುಸ್ವಾಮಿ ಸರ್ ಜೊತೆ. ಫೋನಿನಲ್ಲಿ ಗುರುಸ್ವಾಮಿಯವರ ದನಿ ನನಗೂ ಕೇಳಿಸುತ್ತಿತ್ತು.

“ಅಯ್ಯೋ, ನಿನ್ನೆ ಮಧ್ಯಾಹ್ನ ನಾವು ಬಂದಾಗ್ಲೇ ಥಪ್ ಅಂತಿತ್ತಲ್ರಿ. ಹೇಳ್ಬೇಕಂತ ಇದ್ದೆ, ಮರ್ತೆ. ಬೆಳಿಗ್ಗೆ ಬಂದ ಹುಡುಗ್ರು ಸುತ್ತಿಗೆ ಗಿತ್ತಿಗೆ ತಂದಿದ್ರೇನೋ.”

ಶೇಖರ್ ಸರ್ ಸಿರಿಗೇರಿಯ ಹೆಡ್‌ಮಾಸ್ಟರಿಗೆ ಫೋನು ಮಾಡಿ ಕೂಗಾಡಿದರು. ಆಮೇಲೆ, ಇರೋದರಲ್ಲಿ ಒಂದು ಒಳ್ಳೆಯದು ಅನ್ನುವ ಹಾಗೆ, ಗುರುಸ್ವಾಮಿಯವರು ಕಳಿಸಿದ್ದ ಫೋಟೊ ನಮಗೆ ತೋರಿಸಿದರು. ಅಡ್ಮಿಷನ್ ಬ್ಯಾನರಿಗಂತೆ. ಗಂಟಿಕಲ್ಲಿನ ಮೇಲೆ ಮಕ್ಕಳು ಒತ್ತೊತ್ತಾಗಿ, ಕೈ ಕಟ್ಟಿ, ನೆಟ್ಟಗೆ ನಿಂತಿದ್ದರು. ಟೈ, ಬೂಟು, ನಗು ಎಲ್ಲ ಒಂದೇ ಅಳತೆ.

“ಎಷ್ಟು ಚಂದ ಬಂದೈತಿ ನೋಡ್ರಿ ಟೀಚರ್.”

“ಹೌದು,” ಅಂದರು ಟೀಚರ್, ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ. “ಬಾಳ ಚಂದ ನಿಂತಾವ.”

ಮಧ್ಯಾಹ್ನ ನಂದಿನಿ ಟೀಚರ್ ಬಸ್ಸಿಳಿದು ಗೇಟಿನಿಂದ ನಡೆದೇ ಬಂದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಮುಖ ಬಾಡಿತ್ತು, ಆದರೆ ಅಳುತ್ತಿರಲಿಲ್ಲ. ಸಿಟ್ಟಿನಲ್ಲಿದ್ದರು.

“ಮೇಡಂ, ನಮ್ಮ ಹೆಡ್‌ಮಾಸ್ಟರ್ ದೊಡ್ಡಬಸಪ್ಪ ಸರ್ ಹೇಳಿಬಿಟ್ರು. ಸೋಮವಾರ ಟ್ರಸ್ಟಿನವ್ರು ದೂರು ಕೊಟ್ರೆ ಮುಂದಿನ ವರ್ಷಕ್ಕ ನನ್ನ ಹೆಸ್ರು ಕಳಸೂದಿಲ್ಲಂತ. ಅತಿಥಿ ಶಿಕ್ಷಕಿ ಅಂದ್ರ ನಿಮಗ ಗೊತ್ತೈತಲ್ರಿ? ಅತಿಥಿನ್ನ ಯಾವಾಗ ಬೇಕಾದ್ರೂ ಎದ್ದು ಹೋಗು ಅನ್ನಬಹುದು.”

“ಕೂಡು ಮೊದ್ಲು. ನಿನ್ನೆ ಬೆಳಿಗ್ಗೆ ನಿನ್ನ ಮಕ್ಕಳು ಬಡದಾಗ ಕಲ್ಲು ನನ್ನ ಎದುರಿಗೇ ಠಣ್ ಅಂದೈತಿ. ಅದು ನನಗ ಗೊತ್ತು. ಆಮ್ಯಾಲೆ ಏನಾತು?”

“ನೀವು ಒಳಗ ಹೋದ್ರಿ. ನಾವು ಕಲ್ಲಿನ ಪಕ್ಕ ನೆಳ್ಳಾಗ ಕುಂತು ಶೇಂಗಾ ಚಿಕ್ಕಿ ತಿಂದ್ವಿ. ಟೆಂಪೊ ಬಂತು, ಹೋದ್ವಿ. ಶೇಖರ್ ಸರ್ ಕೇಳ್ತಾರ, ಚಿಕ್ಕಿ ತಿನ್ನುವಾಗ ಯಾರೂ ಒಡೀಲಿಲ್ಲಂತ ಏನ್ ಗ್ಯಾರಂಟಿ ಅಂತ. ನಾ ಏನ್ ಕೊಡ್ಲಿ ಗ್ಯಾರಂಟಿ? ಇದರಾಗ ನಮ್ಮ ಮಕ್ಳಿಗೂ ಸುದ್ದಿ ಮುಟ್ಟೈತಿ. ಕಲ್ಲು ಕೊಂದ ಸಾಲಿ ಅಂತ ಊರಾಗ ಕಾಡಾಕತ್ಯಾರ. ಯಾರು ಜೋರಾಗಿ ಬಡದ್ರು ಅಂತ ತಮ್ಮ ತಮ್ಮೊಳಗೇ ಜಗಳ.”

“ಚಿಕ್ಕಿ ಕಾಗದ ಎಲ್ಲಿ ಹಾಕಿದ್ರು?”

ನಂದಿನಿ ಟೀಚರಿಗೆ ರೇಗಿತು. “ನನ್ನ ಕೆಲಸ ಹೋಗಾಕತ್ತೈತಿ, ನೀವು ಕಸದ ಬಗ್ಗೆ ಕೇಳ್ತೀರಲ್ರಿ! ಡಬ್ಬ್ಯಾಗ ಹಾಕ್ರಿ ಅಂತ ಹೇಳಿದ್ದೆ.”

“ಹೇಳಿದ್ದು ಕೇಳಲಿಲ್ಲ. ಎಲ್ಲಿ ಹಾಕಿದ್ರು ಅಂತ ಕೇಳಿದ್ದು.”

ಅದು ನನಗೆ ಗೊತ್ತಿತ್ತು. ಎಲ್ಲ ಶಾಲೆಯ ಮಕ್ಕಳೂ ಅಲ್ಲೇ ಹಾಕುತ್ತಾರೆ. ಪಕ್ಕದಲ್ಲೇ ಕೆಂಪು ಡಬ್ಬಿ ಬಾಯಿ ತೆರೆದು ನಿಂತಿದ್ದರೂ ಗಂಟಿಕಲ್ಲಿನ ಕೆಳಗಿನ ಸಂದಿಗೇ ತುರುಕುತ್ತಾರೆ. ಸಂಜೆ ಮೊಣಕಾಲೂರಿ, ಕೋಲಿನಿಂದ ಗೀರಿ ಗೀರಿ ತೆಗೆಯುವಾಗ ಎಲ್ಲ ಶಾಲೆಗಳನ್ನೂ ಮನಸ್ಸಿನಲ್ಲೇ ಬೈಯುತ್ತೇನೆ. ಆದರೆ ಶುಕ್ರವಾರ ಸಂಜೆ ಅಲ್ಲಿ ಒಂದು ಕಾಗದವೂ ಮಿಂಚಲಿಲ್ಲ. ಕಲ್ಲಿನ ಸುತ್ತ ಒಣ ಎಲೆ ಮಾತ್ರ ಬಿದ್ದಿತ್ತು. ಕತ್ತಲಾಗುತ್ತಿತ್ತು. ಅಲ್ಲಾನೇ ಇವರಿಗೆ ಬುದ್ಧಿ ಕೊಟ್ಟ ಅಂತ ಬಗ್ಗದೆ ಹೊರಟುಹೋಗಿದ್ದೆ. ಇದನ್ನು ನಾನು ಟೀಚರ ಕಿವಿಯಲ್ಲಿ ಹೇಳಿದೆ.

“ನಿನ್ನೆ ಯಾಕ ಹೇಳ್ಲಿಲ್ಲ?”

“ಕಸ ಇಲ್ಲ ಅಂತ ಯಾರಾದ್ರೂ ದೂರು ಹೇಳ್ತಾರೇನ್ರಿ ಟೀಚರ್?”

ಅವರು ನನ್ನನ್ನು ನೋಡಿದರು. ಬೈಯಲಿಲ್ಲ. “ಮರಳಿನ ಗುಂಡಿ ಹ್ಯಾಂಗೈತಿ?” ಅಂದರು.

ಗುಂಡಿಯಲ್ಲಿ ಮರಳು ಬಹಳ ತಗ್ಗಿತ್ತು. ಮಕ್ಕಳು ತೂರಾಡಿದ್ದಾರೆ ಅಂತ ನಾನು ಅಂದುಕೊಂಡಿದ್ದೆ. ಇನ್ನೊಂದು ವಿಷಯವನ್ನೂ ಹೇಳಿದೆ. ಶುಕ್ರವಾರ ಬೆಳಿಗ್ಗೆ ಹೂತಿದ್ದ ಕೆಂಪು ಚೂರುಗಳನ್ನು ಸಿರಿಗೇರಿಯ ಮಕ್ಕಳು ಜೇಬಿಗಿಳಿಸಿಕೊಂಡು ಹೋಗಿದ್ದರು. ಅವರು ಹೋದ ಮೇಲೆ ನಾನು ಮಾವನ ಮನೆಯ ಹಳೆಯ ಕರಿ ಮಡಕೆಯೊಂದನ್ನು ಒಡೆದು, ಮಧ್ಯಾಹ್ನದ ಶಾಲೆಗೆ ಅಂತ ಹೂತಿದ್ದೆ.

“ಆ ಮಕ್ಕಳು ಅಗದ್ರೇನು?”

“ಎಲ್ಲಿ ಟೀಚರ್? ಬೂಟು ಹೊಲಸಾಕ್ಕಾವ ಅಂತ ಗುರುಸ್ವಾಮಿ ಸರ್ ಬ್ಯಾಡಂದ್ರು. ನೀವೂ ನಾನೂ ಅವ್ರನ್ನ ನೆರಳಿನ ಗಡಿಯಾರಕ್ಕ ಕರಕೊಂಡು ಹೋದ್ವಲ್ಲ.”

“ಕಲ್ಲು?”

“ಕಲ್ಲೂ ಬಡೀಲಿಲ್ಲ. ಟೈಮಿಲ್ಲ, ಫೋಟೊ ಸಾಕು ಅಂದ್ರು. ಗುಂಡುಕಲ್ಲಿನ ಪೆಟ್ಟಿಗಿ ನಾ ತೆಗೀಲೇ ಇಲ್ಲ.” ಪೆಟ್ಟಿಗೆಯ ಬೀಗದ ಕೈ ನನ್ನ ಸೊಂಟದಲ್ಲೇ ಇರುತ್ತದೆ.

ಟೀಚರ್ ಎದ್ದರು. “ನಾಳೆ ಎಲ್ಲಾರ್ನೂ ಕರೀರಿ ಶೇಖರ್. ಅಲ್ಲೀತನ ಕಲ್ಲಿನ ಹತ್ರ ಯಾರೂ ಹೋಗೂದು ಬ್ಯಾಡ.”

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾವನಿಗೆ ಆ ಕಲ್ಲನ್ನು ಕಂಡರೆ ಆಗುತ್ತಿರಲಿಲ್ಲ. ಮಧ್ಯಾಹ್ನ ಕಣ್ಣು ಮುಚ್ಚಿದರೆ ಸಾಕು, ಠಣ್ ಠಣ್ ಶುರುವಾಗುತ್ತಿತ್ತು. “ಒಂದಿನ ಇದರ ಬಾಯಾಗ ಮಣ್ಣು ತುಂಬ್ತೀನಿ” ಅಂತ ಎಲ್ಲರ ಮುಂದೆ ಎಷ್ಟು ಸಲ ಅಂದಿದ್ದರೋ. ಶುಕ್ರವಾರ ಮಧ್ಯಾಹ್ನವಂತೂ ಸುಖವಾಗಿ ಮಲಗಿದೆ ಅಂತ ಅವರೇ ಹೇಳಿಕೊಂಡಿದ್ದರು.

ಭಾನುವಾರ ಎಲ್ಲರೂ ಬಂದರು, ಒಬ್ಬರೂ ಸಂತೋಷದಿಂದ ಬರಲಿಲ್ಲ. ಹೆಡ್‌ಮಾಸ್ಟರ್ ದೊಡ್ಡಬಸಪ್ಪನವರು ಬೇವಿನ ಕಟ್ಟೆಯ ಮೇಲೆ ಕೂತು ಗೊಣಗಿದರು. “ಗಣತಿ ನಾವೇ ಮಾಡ್ಬೇಕು, ಎಲೆಕ್ಷನ್ ನಾವೇ ಮಾಡ್ಬೇಕು, ಈಗ ಕಲ್ಲೂ ನಾವೇ ಕಾಯ್ಬೇಕು.” ಗುರುಸ್ವಾಮಿ ಸರ್ ಮತ್ತೆ ಮತ್ತೆ ಫೋನು ನೋಡುತ್ತಿದ್ದರು. ನಂದಿನಿ ಟೀಚರ್ ನಿಂತೇ ಇದ್ದರು. ಶೇಖರ್ ಸರ್ ಸೀದಾ ನನ್ನ ಮಾವನ ಕಡೆ ಬೆರಳು ತೋರಿಸಿದರು.

“ಟೀಚರ್, ನನಗ ರಾತ್ರಿ ಹೊಳೀತು. ಇವ್ನೇ! ಮಣ್ಣು ತುಂಬ್ತೀನಿ ಅಂತಿದ್ದ.”

“ಅಂದೀನ್ರಿ!” ಮಾವ ಎದ್ದು ನಿಂತರು. “ನನ್ನ ಹೆಂಡ್ತೀಗೂ ದಿನಾ ಹಂಗೇ ಅಂತೀನಿ. ಆಕೀ ಬಾಯಿ ಇನ್ನೂ ನಡದೈತಿ, ಬಂದು ಕೇಳ್ರಿ.”

“ಕೂಡ್ರಿ ಇಬ್ರೂ,” ಅಂದರು ಟೀಚರ್. ಅವರ ಕೈಯಲ್ಲಿ ಒಂದು ಹಿತ್ತಾಳೆ ತಟ್ಟೆ ಇತ್ತು. “ಮೊದ್ಲು ಕಲ್ಲು ಒಡದೈತೋ ಇಲ್ಲೋ ಅನ್ನೋದು. ನಿನ್ನೆ ನೀರು ಹಾಕಿದೆ. ಬಿರುಕಿದ್ರ ಅದು ನೀರು ಕುಡೀತೈತಿ. ಸುತ್ತ ಒಣಗಿದ ಮ್ಯಾಲೂ ಒಂದು ಕರಿ ಗೆರಿ ಉಳೀತೈತಿ. ಉಳೀಲಿಲ್ಲ. ಅಂದ್ರ ಕಲ್ಲು ಗಟ್ಟಿ ಐತಿ. ಸುತ್ತಿಗಿ ಮಾತು ಸುಳ್ಳು.”

ಅವರು ತಟ್ಟೆಯನ್ನು ಮೂರು ಬೆರಳ ತುದಿಯ ಮೇಲಿಟ್ಟು ಚಮಚದಿಂದ ಬಡಿದರು. ಅದು ಝಣ್ ಅಂತ ಬಹಳ ಹೊತ್ತು ಮೊಳಗಿತು. ಅದೇ ತಟ್ಟೆಯನ್ನು ಒದ್ದೆ ಮರಳ ಗುಡ್ಡೆಯ ಮೇಲೆ ಒತ್ತಿ ಬಡಿದರು. ಥಪ್.

“ತಟ್ಟಿ ಒಡೀತೇನು?”

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು.

“ಆರನೇ ಕ್ಲಾಸಿನ ಹುಡುಗ್ರು ಕೈ ಎತ್ತತಾವ, ನೀವು ಮುಖ ನೋಡ್ತೀರಿ. ದನಿ ಬರ್ಬೇಕಂದ್ರ ಅದು ನಡುಗಬೇಕ್ರಿ. ಕೆಳಗ ಸಂದಿತ್ತು, ಕಲ್ಲು ನಡುಗ್ತಿತ್ತು, ಠಣ್ ಅಂತಿತ್ತು. ಯಾರೋ ಸಂದಿ ತುಂಬ್ಯಾರ. ಪೀರಸಾಬ್, ಆ ಎಲಿ ಸರಸ್ರಿ.”

ಮಾವ ಎಲೆ ಸರಿಸಿದರು. ಕಲ್ಲಿನ ಕೆಳಗೆ ಸಂದಿರಲಿಲ್ಲ. ತುದಿಯವರೆಗೆ ಮರಳು ಗಿಡಿದು, ನೀರು ಹಾಕಿ, ಒದ್ದು ಗಟ್ಟಿ ಮಾಡಿದ್ದರು. ಶುಕ್ರವಾರ ಬಗ್ಗಿದ್ದರೆ ನನಗೂ ಕಾಣುತ್ತಿತ್ತು.

“ಈಗ ಯಾವಾಗ ಅನ್ನೋದು. ಕೌಸರ್, ಅಗಿ. ಮಕ್ಳಿಗೆ ಹೇಳ್ಕೊಡ್ತೀವಲ್ಲ, ಹಂಗ. ಮ್ಯಾಲಿಂದ ಕೆಳಕ್ಕ, ಒಂದೊಂದೇ ಪದರು.”

ಎಲ್ಲರ ಕಣ್ಣು ನನ್ನ ಬೆನ್ನ ಮೇಲಿತ್ತು. ಕುರುಪಿಯಿಂದ ಮರಳು ಕೆರೆದೆ. ಮೊದಲು ಒಂದು ಕರಿ ಮಡಕೆಚೂರು ಬಂತು. ಆಮೇಲೆ ಇನ್ನೊಂದು, ಮತ್ತೊಂದು. ಇನ್ನೂ ಕೆಳಗೆ, ನೆಲಕ್ಕೆ ಅಂಟಿಕೊಂಡು, ಚಪ್ಪಟೆಯಾದ ಚಿಕ್ಕಿ ಕಾಗದಗಳು. ಒಂದು ಹಿಡಿ ತುಂಬ.

ನಂದಿನಿ ಟೀಚರ್ ಕಣ್ಣು ಮುಚ್ಚಿದರು. “ಡಬ್ಬ್ಯಾಗ ಹಾಕ್ರಿ ಅಂದಿದ್ದೆ,” ಅಂತ ಗೊಣಗಿದರು.

“ಡಬ್ಬ್ಯಾಗ ಹಾಕಿದ್ರ ನಿನ್ನ ಕೆಲ್ಸ ಹೋಗ್ತಿತ್ತು,” ಅಂದರು ಟೀಚರ್. “ದೊಡ್ಡಬಸಪ್ಪ ಸರ್, ನೀವು ಹೇಳ್ರಿ. ಮ್ಯಾಲಿನ ಪದರು ಹಳೇದೋ, ಕೆಳಗಿಂದೋ?”

“ಕೆಳಗಿಂದು,” ಅಂದರು ಹೆಡ್‌ಮಾಸ್ಟರ್, ಶಾಲೆಯ ಹುಡುಗನ ಹಾಗೆ.

“ಶಾಬಾಸ್. ಚಿಕ್ಕಿ ಕಾಗದ ಕೆಳಗ, ಮರಳು ಮ್ಯಾಲ. ಅಂದ್ರ ಸಿರಿಗೇರಿ ಮಕ್ಳು ಚಿಕ್ಕಿ ತಿಂದು ಕಾಗದ ತುರುಕುವಾಗ ಸಂದಿ ಖಾಲಿ ಇತ್ತು. ಇನ್ನ, ಮರಳಿನಾಗ ಕರಿ ಚೂರು ಅದಾವ. ಕೌಸರ್ ಅವನ್ನ ಗುಂಡ್ಯಾಗ ಹೂತಿದ್ದು ಆ ಮಕ್ಳು ಟೆಂಪೊ ಹತ್ತಿ ಹೋದ ಮ್ಯಾಲ. ಅಂದ್ರ ಈ ಮರಳು ಗುಂಡಿ ಬಿಟ್ಟು ಇಲ್ಲಿಗೆ ಬಂದಿದ್ದು ಮಧ್ಯಾಹ್ನ. ನಂದಿನಿ ಸಾಲಿ ಆಗ ಸಿರಿಗೇರ್ಯಾಗ ಇತ್ತು.”

ಶೇಖರ್ ಸರ್ ಮತ್ತೆ ಮಾವನ ಕಡೆ ನೋಡಿದರು. “ಹಂಗಾದ್ರ ಇವ್ನೇ ಅಲ್ರಿ?”

“ನಿಮ್ಮ ಫೋಟೊ ತೆಗೀರಿ,” ಅಂದರು ಟೀಚರ್ ಬೇಸತ್ತು. “ಈ ಕಲ್ಲಿನ ಮ್ಯಾಲ ಇಬ್ರು ಹತ್ತಿದ್ರ ತೊಟ್ಟಿಲಾಗತೈತಿ. ಇಲ್ಲಿ ಮಕ್ಳ ಒಂದು ಹಿಂಡೇ ಕೈ ಕಟ್ಟಿ ನಿಂತೈತಿ. ಒಬ್ಬರೂ ಓಲಾಡಿಲ್ಲ. ಫೋಟೊ ತೆಗಿಯೂಕಿಂತ ಮೊದ್ಲೇ ಸಂದಿ ತುಂಬಿತ್ತು. ಅಲುಗೂ ಕಲ್ಲು ನಿಲ್ಲಬೇಕು ಅಂತ ಯಾರಿಗೆ ಬೇಕಾಗಿತ್ತು? ನಿದ್ದಿ ಮಾಡಾವ್ನಿಗೋ, ಫೋಟೊ ತೆಗಿಯಾವ್ನಿಗೋ?”

ಗುರುಸ್ವಾಮಿ ಸರ್ ನಕ್ಕರು. “ಊಹೆ ಮಾಡ್ಬೇಡ್ರಿ ಮೇಡಂ. ನಾವು ಬಂದಾಗ ತುಂಬೇ ಇತ್ತು ಅನ್ಸತ್ತೆ. ಅದಕ್ಕೇ ಥಪ್ ಅಂತಿತ್ತು.”

“ಥಪ್ ಅಂತಿತ್ತು ಅಂತ ನಿಮಗ ಹ್ಯಾಂಗ ಗೊತ್ತು?”

“ಮಕ್ಕಳು ಬಡಿದ್ರಲ್ಲ.”

“ಯಾವಾಗ? ಬಸ್ಸಿಳಿದಾಗಿಂದ ಫೋಟೊತನಕ ನಿಮ್ಮ ಮಕ್ಳು ನನ್ನ ಜೋಡಿ, ಕೌಸರ್ ಜೋಡಿ ಇದ್ರು. ಫೋಟೊ ಆದ ಕೂಡ್ಲೇ ಬಸ್ಸು ಹತ್ತಿದ್ರು. ಬಡಿಯಾಕ ಟೈಮಿಲ್ಲ ಅಂದಾವ್ರು ನೀವೇ. ಕೌಸರ್, ಪೆಟ್ಟಿಗಿ ತೆಗದಿದ್ದೇನು?”

ನಾನು ತಲೆಯಾಡಿಸಿದೆ. ಅದು ಸಾಲದು ಅನ್ನಿಸಿತು. “ಇಲ್ರಿ,” ಅಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು.

“ಕಲ್ಲಿನ ದನಿ ಹೋಗೈತಿ ಅಂತ ಶನಿವಾರ ಬೆಳಿಗ್ಗೆತನಕ ಈ ಊರಾಗ ಯಾರಿಗೂ ಗೊತ್ತಿರಲಿಲ್ಲ,” ಅಂದರು ಟೀಚರ್. “ಶುಕ್ರವಾರಾನೇ ಗೊತ್ತಿದ್ದಾವ್ರು ಒಬ್ರೇ. ಮಕ್ಳನ್ನ ನನಗೊಪ್ಪಿಸಿ, ಒಂದು ಫೋನೈತಿ ಅಂತ ಹೋದ್ರಲ್ಲ, ಎಷ್ಟೋ ಹೊತ್ತು ಬರಲೇ ಇಲ್ಲ. ಯಾರ ಜೋಡಿ ಮಾತಾಡಿದ್ರಿ, ಡ್ರೈವರ್ ಜೋಡೀನೋ, ಮರಳಿನ ಬುಟ್ಟಿ ಜೋಡೀನೋ?”

ಗುರುಸ್ವಾಮಿ ಸರ್ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. ಈಗ ಅವರ ಮಾತಿನಲ್ಲಿ ಗಾಂಧಿನಗರ ಇರಲಿಲ್ಲ, ನಮ್ಮ ಹಳ್ಳಿಯ ಮಾತೇ ಬಂತು.

“ಹೋದ ವರ್ಷ ಫೋಟೊ ತೆಗಿಯುವಾಗ ಒಂದು ಹುಡುಗಿ ಬಿದ್ಲ್ರಿ. ಮ್ಯಾನೇಜ್‌ಮೆಂಟಿನವ್ರು ನನ್ನ ನಿಲ್ಸಿ ಬೈದ್ರು. ಈ ಸಲ ಕಲ್ಲಿನ ಮ್ಯಾಲಿನ ಫೋಟೊನೇ ಬೇಕು, ಯಾರೂ ಬೀಳಬಾರ್ದು ಅಂದ್ರು. ಡ್ರೈವರ್ರೂ ನಾನೂ ಸೇರಿ ತುಂಬಿದ್ವಿ, ಎಲಿ ಮುಚ್ಚಿದ್ವಿ. ದನಿ ಹೋಗತೈತಿ ಅಂತ ದೇವ್ರಾಣೆ ಗೊತ್ತಿರಲಿಲ್ಲ. ಹೊರಡೂ ಮುಂದ ಕೀಲಿಕೈಲೆ ಬಡದು ನೋಡಿದೆ. ಥಪ್ ಅಂತು. ಶೇಖರ್ ಸರ್ ಫೋನ್ ಮಾಡಿದಾಗ ಬಾಯಿಗೆ ಬಂದಿದ್ದು ಹೇಳಿಬಿಟ್ಟೆ. ನನ್ನ ಕೆಲ್ಸ ಹೋಗ್ತಿತ್ರಿ.”

“ನಿಮ್ಮ ಕೆಲ್ಸ ಉಳಿಸ್ಕೊಳ್ಳಾಕ ನಂದು ಕೊಟ್ರಿ,” ಅಂದರು ನಂದಿನಿ ಟೀಚರ್.

ಮಾವ ಉಳಿದ ಮರಳನ್ನೆಲ್ಲ ಎಳೆದು ಹಾಕಿ, ಗುಂಡುಕಲ್ಲು ತಗೊಂಡು ತಾವೇ ಒಮ್ಮೆ ಬಡಿದರು. ಠಣ್ ಅಂದಿತು. “ಹೋತು ನನ್ನ ನಿದ್ದಿ,” ಅಂತ ಬೇಸರದಿಂದ ಕಲ್ಲು ಕೆಳಗಿಟ್ಟರು. ಶೇಖರ್ ಸರ್ ಹೆಡ್‌ಮಾಸ್ಟರಿಗೆ ಕೈ ಮುಗಿದರು. ದೂರಿನ ಮಾತೇ ಇಲ್ಲ, ತಪ್ಪಾಯಿತು ಅಂದರು. ದೊಡ್ಡಬಸಪ್ಪನವರು ಧೋತರ ಕೊಡವಿ ಎದ್ದರು.

“ಆತಲ್ಲಮ್ಮ ನಂದಿನಿ. ನಿನ್ನ ಹೆಸ್ರು ಮುಂದಿನ ವರ್ಷಕ್ಕ ನಾನೇ ಕಳಸ್ತೀನಿ. ಇನ್ನ ಎಲ್ಲಾ ಮರ್ತು ಬಿಡೋಣು. ಗುರುಸ್ವಾಮಿನೂ ಹೊಟ್ಟಿಪಾಡಿಗೆ ಮಾಡ್ಯಾರ.”

“ನೀವು ಮರೀರಿ ಸರ್. ನಮ್ಮ ಮಕ್ಳು ಹ್ಯಾಂಗ ಮರೀತಾವ? ನೀವೇ ಶನಿವಾರ ಸಾಲಿ ಬಿಡೂ ಮುಂದ ಎಲ್ಲಾರ್ನೂ ನಿಲ್ಸಿ ಬೈದೀರಿ, ನಿಮ್ಮಿಂದ ಸಾಲಿ ಮಾನ ಹೋತು ಅಂತ.”

“ನಾಳೆ ಪ್ರೇಯರಿನಾಗ ನಾನೇ ಹೇಳ್ತೀನಿ ಬಿಡು.”

“ನೀವಲ್ಲ. ಇವ್ರು.”

ಹೆಡ್‌ಮಾಸ್ಟರ್ ಗಾಬರಿಯಾದರು. “ಖಾಸಗಿ ಸಾಲಿ ಮಾಸ್ತರು ನಮ್ಮ ಪ್ರೇಯರಿಗೆ? ಅದೆಲ್ಲ ಚಂದಲ್ಲಮ್ಮ.”

“ಹಂಗಾದ್ರ ನನ್ನ ಹೆಸ್ರು ಕಳಸಬ್ಯಾಡ್ರಿ,” ಅಂದರು ನಂದಿನಿ ಟೀಚರ್. “ಮಾಡದ ತಪ್ಪು ಹೊತ್ತ ಮಕ್ಳ ಮುಂದ ನಿಂತು ನಾ ಏನ್ ಪಾಠ ಹೇಳ್ಲಿ?”

ಗುರುಸ್ವಾಮಿ ಸರ್ ವಿರೂಪಮ್ಮ ಟೀಚರ ಮುಖ ನೋಡಿದರು, ಹೆಡ್‌ಮಾಸ್ಟರ ಮುಖ ನೋಡಿದರು, ಎಲ್ಲೂ ದಾರಿ ಸಿಗಲಿಲ್ಲ. “ಬರ್ತೀನಿ,” ಅಂದರು.

ಬರುತ್ತಾರೋ ಇಲ್ಲವೋ ನೋಡಿಕೊಂಡು ಬಾ ಅಂತ ಟೀಚರ್ ಸೋಮವಾರ ನನ್ನನ್ನು ಸಿರಿಗೇರಿಗೆ ಕಳಿಸಿದರು. ಶಾಲೆ ಬಿಟ್ಟ ಮೇಲೆ ಒಂದು ಶಾಲೆಯ ಅಂಗಳಕ್ಕೆ ಕಾಲಿಟ್ಟಿದ್ದು ಅದೇ ಮೊದಲು. ಕಾಂಪೌಂಡಿನ ಗೋಡೆಗೆ ಅಂಟಿಕೊಂಡು ನಿಂತೆ. ನಾಡಗೀತೆ ಮುಗಿಯಿತು. ಗುರುಸ್ವಾಮಿ ಸರ್ ಇಸ್ತ್ರಿ ಮಾಡಿದ ಅಂಗಿಯಲ್ಲಿ ಮುಂದೆ ಬಂದು, ನೆಲ ನೋಡುತ್ತಾ ಏನೋ ಹೇಳಿದರು. ಕಲ್ಲು ಅನ್ನುವುದೊಂದೇ ನನಗೆ ಕೇಳಿಸಿತು.

ಮುಂದಿನ ಸಾಲಿನ ಒಂದು ಹುಡುಗಿ ಕೈ ಎತ್ತಿದಳು. “ಕೇಳಿಸ್ಲಿಲ್ರಿ ಸರ್.”

ಅವರು ಗಂಟಲು ಸರಿಮಾಡಿಕೊಂಡರು. “ಕಲ್ಲಿನ ದನಿ ಹೋಗಿದ್ದು ನಿಮ್ಮಿಂದ ಅಲ್ಲ. ಅದು ನಾನು ಮಾಡಿದ ತಪ್ಪು. ನಿಮ್ಮ ಮೇಲೆ ಹಾಕಿದೆ.”

ಮಕ್ಕಳಲ್ಲಿ ಗುಜುಗುಜು ಎದ್ದಿತು. ದೊಡ್ಡಬಸಪ್ಪನವರು ಸಾಕು ಸಾಕು ಅನ್ನುವ ಹಾಗೆ ಸಿಳ್ಳೆಯನ್ನು ಬಾಯಿಗೆ ಒಯ್ದರು. ಆಗ ಎಲ್ಲರ ಹಿಂದೆ ನಿಂತಿದ್ದ ನಂದಿನಿ ಟೀಚರ್ ಆ ಹುಡುಗಿಯ ಹಾಗೆಯೇ ಕೈ ಎತ್ತಿದರು.

“ಸರ್, ಹಿಂದಿನ ಸಾಲಿನವ್ರಿಗೆ ಕೇಳಿಸ್ಲಿಲ್ಲ. ಇನ್ನೊಮ್ಮೆ ಹೇಳ್ರಿ.”